ಕಾವಲಿನ ಕಣಗಳು ಮತ್ತು ಒಂದು ಬಿಳಿ ಮಾತ್ರೆ

1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಒಂದು ತಂಡ ಬಂದಿತು. ಬೆಂಗಳೂರಿನಲ್ಲಿ ಆಗಷ್ಟೇ, ಅಂದರೆ 1959ರಲ್ಲಿ, ಸ್ಥಾಪನೆಯಾಗಿದ್ದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡ ಅದು. ಜಿಲ್ಲೆಯಿಂದ ಆರಿಸಿಕೊಂಡ ಹಳ್ಳಿಗಳಲ್ಲಿ, ಪಟ್ಟಣಗಳ ಕೆಲವು ಭಾಗಗಳಲ್ಲಿ ಜನರ ಪಟ್ಟಿ ಮಾಡಿ, ಮುಂದೋಳಿನ ಚರ್ಮದೊಳಕ್ಕೆ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ಒಂದು ಹನಿಯಷ್ಟು ಚುಚ್ಚಿದರು. ದೊಡ್ಡವರಿಗೆ ಎದೆಯ ಎಕ್ಸ್-ರೇ ತೆಗೆದರು. ಅನುಮಾನ ಬಂದವರ ಕಫವನ್ನು ಪರೀಕ್ಷೆಗೆ ಒಯ್ದರು. ಕೆಲವು ದಿನಗಳ ಮೇಲೆ ಮತ್ತೆ ಬಂದು, ಚುಚ್ಚಿದ ಜಾಗದಲ್ಲಿ ಗಟ್ಟಿಯಾಗಿ ಎದ್ದ ಗಂಟನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದುಕೊಂಡು ಹೋದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯೂ ಸೇರಿದ ಈ ಜಿಲ್ಲೆ, ಭಾರತದ ಕ್ಷಯರೋಗದ ಇತಿಹಾಸದಲ್ಲಿ ಹೆಸರು ಪಡೆದದ್ದು ಹೀಗೆ.

ಆ ಗಂಟು ಏನು? ಟ್ಯುಬರ್ಕ್ಯುಲಿನ್‌ನಲ್ಲಿ ಜೀವಂತ ರೋಗಾಣು ಒಂದೂ ಇರುವುದಿಲ್ಲ, ಕ್ಷಯದ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಪ್ರೋಟೀನುಗಳಷ್ಟೇ ಇರುತ್ತವೆ. ಹಾಗಾಗಿ ಗಂಟನ್ನು ಕಟ್ಟಿದ್ದು ರೋಗಾಣುವಲ್ಲ, ಆ ಮನುಷ್ಯನ ಸ್ವಂತ ಕಣಗಳು. ಹಿಂದೆಂದೋ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡು ಗುರುತಿಟ್ಟುಕೊಂಡಿದ್ದ ಟಿ ಲಿಂಫೋಸೈಟ್‌ಗಳು ಚುಚ್ಚಿದ ಜಾಗಕ್ಕೆ ಬರುತ್ತವೆ, ಹಳೆಯ ಪರಿಚಯ ಹಿಡಿಯುತ್ತವೆ, ರಾಸಾಯನಿಕಗಳ ಮೂಲಕ ಕೂಗು ಹಾಕುತ್ತವೆ. ಆ ಕೂಗಿಗೆ ದೊಡ್ಡ ಭಕ್ಷಕ ಕಣಗಳಾದ ಮ್ಯಾಕ್ರೋಫೇಜ್‌ಗಳು ನೆರೆಯುತ್ತವೆ. ಇಷ್ಟಾಗಲು ಎರಡು ಮೂರು ದಿನ ಬೇಕು. ಸ್ಕೇಲಿನ ಮೇಲೆ ಕಂಡ ಅಂಕಿ ಎಂದರೆ ಆ ಕಣಗಳ ನೆನಪಿನ ಅಳತೆ.

ಈಗ ಇದೇ ವ್ಯಕ್ತಿ ಕೆಲವು ವಾರಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ ಎಂದುಕೊಳ್ಳಿ. ಅದೇ ಹನಿ, ಅದೇ ಮುಂದೋಳು. ಗಂಟು ಏಳದೆಯೇ ಇರಬಹುದು. ಮೈಯೊಳಗಿನ ಬ್ಯಾಕ್ಟೀರಿಯಾ ಎಲ್ಲಿಗೂ ಹೋಗಿಲ್ಲ, ಅದನ್ನು ಬಲ್ಲ ಕಣಗಳೂ ಪೂರ್ತಿ ಅಳಿದಿಲ್ಲ. ಆದರೂ ಕರೆಗೆ ಯಾರೂ ಬರುತ್ತಿಲ್ಲ. ಏಕೆ ಬರುತ್ತಿಲ್ಲ, ಬರದಿದ್ದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಉರಿಯೂತ ಎಂದರೇನೆಂದು ನೋಡೋಣ. ತೋಟದಲ್ಲಿ ಒಣಗಿದ ಗರಿ ಎಳೆಯುವಾಗ ಕಡ್ಡಿಯ ಸೀಳು ಅಂಗೈಗೆ ಹೊಕ್ಕಿತು. ಸಂಜೆಯ ಹೊತ್ತಿಗೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಮುಟ್ಟಿದರೆ ನೋಯುತ್ತದೆ. 1882ರಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ಇಟಲಿಯ ಮೆಸಿನಾದಲ್ಲಿದ್ದಾಗ, ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಕ್ಕೆ ಗುಲಾಬಿಯ ಮುಳ್ಳು ಚುಚ್ಚಿ ಇಟ್ಟ. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲೆಮಾರಿ ಕಣಗಳು ಮುಳ್ಳನ್ನು ಸುತ್ತುವರಿದು ನಿಂತಿದ್ದವು. ನಮ್ಮ ಅಂಗೈಯಲ್ಲಿ ಆಗುವುದೂ ಅದೇ. ರಕ್ತನಾಳದ ಗೋಡೆ ಸ್ವಲ್ಪ ಸಡಿಲವಾಗುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಆ ಗೋಡೆಗೆ ಅಂಟಿಕೊಂಡು, ಸಂದಿನಲ್ಲಿ ನುಸುಳಿ ಹೊರಬಂದು ಕೆಲಸಕ್ಕೆ ತೊಡಗುತ್ತವೆ. ಇವುಗಳ ಆಯಸ್ಸು ಬಹಳ ಕಡಿಮೆ. ಆದ್ದರಿಂದಲೇ ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನಾವು ಬಿ.ಎಸ್ಸಿ. ಓದುವಾಗಲೂ ಬಿಳಿ ರಕ್ತಕಣಗಳೆಂದರೆ ಸೈನಿಕರು, ರೋಗಾಣುಗಳೆಂದರೆ ಶತ್ರುಗಳು ಎಂದೇ ಪಾಠವಾಗಿತ್ತು. ಈ ಹೋಲಿಕೆ ಅರ್ಧ ದೂರ ಮಾತ್ರ ನಮ್ಮನ್ನು ಒಯ್ಯುತ್ತದೆ ಎಂದು ನನ್ನ ಅಭಿಪ್ರಾಯ. ಏಕೆಂದರೆ ಉರಿಯೂತದ ಅತಿ ಮುಖ್ಯವಾದ ಘಟ್ಟ ಅದು ಮುಗಿಯುವ ಘಟ್ಟ. ಕೆಲಸ ಮುಗಿಸಿದ ನ್ಯೂಟ್ರೋಫಿಲ್ ತಾನಾಗಿಯೇ ಶಿಸ್ತಾಗಿ ಸಾಯುತ್ತದೆ. ಅದನ್ನು ಮ್ಯಾಕ್ರೋಫೇಜ್ ನುಂಗುತ್ತದೆ. ಹಾಗೆ ನುಂಗಿದ್ದರಿಂದಲೇ ಮ್ಯಾಕ್ರೋಫೇಜ್‌ನ ಸ್ವಭಾವ ಬದಲಾಗುತ್ತದೆ. ಇಷ್ಟು ಹೊತ್ತು ಜಗಳಕ್ಕೆ ಜನ ಕರೆಯುತ್ತಿದ್ದ ಅದು ಈಗ ಕರೆ ನಿಲ್ಲಿಸಿ, ಗಾಯ ಮಾಯಿಸುವ ಸಂದೇಶಗಳನ್ನು ಹೊರಡಿಸುತ್ತದೆ. ಒಂದೇ ಕಣ, ಎರಡು ನಡವಳಿಕೆ. ಸೈನಿಕನ ಹೋಲಿಕೆಗಿಂತ ನಮ್ಮೂರ ಜಾತ್ರೆಯ ಹೋಲಿಕೆ ಮೇಲು: ಜನ ಸೇರಿಸುವುದು ಎಷ್ಟು ಮುಖ್ಯವೋ ತೇರು ನಿಂತ ಮೇಲೆ ಜನ ಚದುರುವುದೂ, ಬೀದಿ ಗುಡಿಸುವುದೂ ಅಷ್ಟೇ ಮುಖ್ಯ.

ಜನ ಚದುರದೇ ಹೋದರೆ? ಅದೇ ದೀರ್ಘಕಾಲದ ಉರಿಯೂತ.

ರುಮಟಾಯ್ಡ್ ಸಂಧಿವಾತವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಯಸ್ಸಾದಂತೆ ಮಂಡಿ ಸವೆದು ಬರುವ ನೋವು ಇದಲ್ಲ, ಅದು ಬೇರೆ. ಇದು ಹೆಚ್ಚಾಗಿ ಹೆಂಗಸರನ್ನು, ಹಲವು ವೇಳೆ ನಡುವಯಸ್ಸಿನಲ್ಲೇ ಹಿಡಿಯುವ ರೋಗ. ಎರಡೂ ಕೈಗಳ ಬೆರಳುಗಳ ಕೀಲು ಊದುತ್ತವೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆಯಾದರೂ ಬೆರಳು ಮಡಚಲಾಗುವುದಿಲ್ಲ. ಕಾಯಿ ತುರಿಯುವುದು, ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುವುದು, ಕೊಬ್ಬರಿ ಹಸನು ಮಾಡುವುದು, ಹೀಗೆ ತೆಂಗಿನ ಸೀಮೆಯ ಹೆಣ್ಣುಮಕ್ಕಳ ದುಡಿಮೆಯೆಲ್ಲ ಬೆರಳಿನ ತುದಿಯಲ್ಲೇ ಇರುವಾಗ ಇದು ಬರಿಯ ನೋವಿನ ಮಾತಲ್ಲ, ಅನ್ನದ ಮಾತು.

ಕೀಲಿನ ಒಳಗೋಡೆಗೆ ತೆಳುವಾದ ಒಂದು ಪೊರೆಯಿದೆ. ಆರೋಗ್ಯವಂತರಲ್ಲಿ ಅಲ್ಲಿರುವ ಕಣಗಳು ಬಹಳ ವಿರಳ. ಸಂಧಿವಾತದಲ್ಲಿ ಆ ಪೊರೆ ದಪ್ಪಗಾಗಿ, ಅದರೊಳಗೆ ಒಂದು ಸಂತೆಯೇ ನೆರೆದಿರುತ್ತದೆ. ಟಿ ಲಿಂಫೋಸೈಟ್‌ಗಳು ತಮ್ಮ ದೇಹದ್ದೇ ಪ್ರೋಟೀನುಗಳನ್ನು ಪರಕೀಯವೆಂದು ತಿಳಿಯುತ್ತವೆ. ಬಿ ಲಿಂಫೋಸೈಟ್‌ಗಳು ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮ್ಯಾಕ್ರೋಫೇಜ್‌ಗಳು ಟಿ.ಎನ್.ಎಫ್. ಎಂಬ ಪ್ರಬಲ ಸಂದೇಶವನ್ನು ಎಡೆಬಿಡದೆ ಹೊರಡಿಸುತ್ತವೆ. ಆ ಸಂದೇಶಕ್ಕೆ ರಕ್ತನಾಳದ ಗೋಡೆ ಅಂಟಂಟಾಗಿ, ಹೊಸ ನ್ಯೂಟ್ರೋಫಿಲ್‌ಗಳು ಬರುತ್ತಲೇ ಇರುತ್ತವೆ. ಬಂದವು ಬೇಗ ಸಾಯುವುದೂ ಇಲ್ಲ, ಏಕೆಂದರೆ ಸುತ್ತಲಿನ ಸಂದೇಶಗಳು ಅವುಗಳ ಆಯಸ್ಸನ್ನು ಹಿಗ್ಗಿಸುತ್ತವೆ. ಸಾಯದಿದ್ದರೆ ಮ್ಯಾಕ್ರೋಫೇಜ್ ಅವನ್ನು ನುಂಗುವುದಿಲ್ಲ. ನುಂಗದಿದ್ದರೆ ಅದರ ಸ್ವಭಾವ ಬದಲಾಗುವುದಿಲ್ಲ. ನಿಲ್ಲಿಸುವ ಸಂದೇಶ ಹುಟ್ಟುವುದೇ ಇಲ್ಲ. ಚಕ್ರ ತಿರುಗುತ್ತ ಹೋಗುತ್ತದೆ, ಮೃದ್ವಸ್ಥಿ ಮತ್ತು ಮೂಳೆ ನಿಧಾನವಾಗಿ ಕರಗುತ್ತವೆ.

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್, ಈ ರೋಗದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಒಂದು ಹೊಸ ವಸ್ತುವನ್ನು ಚುಚ್ಚುಮದ್ದಾಗಿ ಕೊಟ್ಟರು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಗುರುತಿಸಿದ್ದ ವಸ್ತು ಅದು. ನಾಲ್ಕೈದು ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಅದೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಹುಮಾನ ಬಂತು. ಇಂದು ಔಷಧದಂಗಡಿಯಲ್ಲಿ ಸಿಗುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಇವೆಲ್ಲ ಅದರ ತಮ್ಮ ತಂಗಿಯರು.

ಇವು ಕಣಗಳಿಗೆ ಏನು ಮಾಡುತ್ತವೆ? ಸ್ಟೀರಾಯ್ಡ್ ಜಿಡ್ಡಿನಲ್ಲಿ ಕರಗುವ ವಸ್ತು. ಕಣದ ಹೊರಪೊರೆಯೂ ಜಿಡ್ಡಿನದೇ. ಹಾಗಾಗಿ ಅದು ಬಾಗಿಲು ತಟ್ಟದೆ ನೇರ ಒಳಗೆ ಹೋಗುತ್ತದೆ. ಒಳಗೆ ಅದಕ್ಕಾಗಿಯೇ ಕಾದಿರುವ ಒಂದು ಪ್ರೋಟೀನಿನೊಂದಿಗೆ ಕೂಡಿಕೊಂಡು ಕಣದ ಕೇಂದ್ರಕ್ಕೆ ಹೋಗಿ, ಯಾವ ಜೀನ್ ಓದಬೇಕು, ಯಾವುದನ್ನು ಓದಬಾರದು ಎಂಬುದನ್ನೇ ಬದಲಿಸುತ್ತದೆ. ಟಿ.ಎನ್.ಎಫ್. ಮುಂತಾದ ಕರೆಗಳನ್ನು ತಯಾರಿಸುವ ಜೀನ್‌ಗಳು ಮೌನವಾಗುತ್ತವೆ. ಮ್ಯಾಕ್ರೋಫೇಜ್ ಗುಡಿಸುವ, ಮಾಯಿಸುವ ಸ್ವಭಾವದ ಕಡೆಗೆ ವಾಲುತ್ತದೆ. ಲಿಂಫೋಸೈಟ್‌ಗಳಲ್ಲಿ ಕೆಲವು ಸಾಯುತ್ತವೆ, ಬಹಳಷ್ಟು ರಕ್ತವನ್ನು ಬಿಟ್ಟು ಮೂಳೆಮಜ್ಜೆ ಮುಂತಾದ ಕಡೆ ಸರಿದುಕೊಳ್ಳುತ್ತವೆ.

ನ್ಯೂಟ್ರೋಫಿಲ್‌ಗಳ ವಿಚಾರವಂತೂ ಇನ್ನೂ ಸ್ವಾರಸ್ಯದ್ದು. ಸ್ಟೀರಾಯ್ಡ್ ತೆಗೆದುಕೊಳ್ಳುವವರ ರಕ್ತಪರೀಕ್ಷೆಯ ಚೀಟಿಯನ್ನು ನೋಡಿದ್ದೀರಾ? ಬಿಳಿ ರಕ್ತಕಣಗಳ ಸಂಖ್ಯೆ ಸಾಮಾನ್ಯವಾಗಿ ಒಂದು ಮೈಕ್ರೋಲೀಟರಿಗೆ 4,000ದಿಂದ 11,000 ಇರಬೇಕು. ಇವರಲ್ಲಿ ಅದು 14,000-15,000 ಎಂದಿರುತ್ತದೆ! ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರೆ ಬಿಳಿ ಕಣಗಳು ಹೆಚ್ಚಾದವು ಎಂದರೆ ಹೇಗೆ? ಉತ್ತರ ರಕ್ತನಾಳದ ಗೋಡೆಯಲ್ಲಿದೆ. ಯಾವ ಹೊತ್ತಿನಲ್ಲೂ ನಮ್ಮ ರಕ್ತದಲ್ಲಿರುವ ನ್ಯೂಟ್ರೋಫಿಲ್‌ಗಳಲ್ಲಿ ಸುಮಾರು ಅರ್ಧದಷ್ಟು ಹರಿವಿನಲ್ಲಿ ಇರುವುದೇ ಇಲ್ಲ, ನಾಳದ ಗೋಡೆಗೆ ಒತ್ತಿಕೊಂಡು ಕಾಯುತ್ತಿರುತ್ತವೆ. ಸ್ಟೀರಾಯ್ಡ್ ಆ ಅಂಟನ್ನು ಕಳಚಿಬಿಡುತ್ತದೆ. ಮಜ್ಜೆಯಿಂದಲೂ ಇನ್ನಷ್ಟು ಬರುತ್ತವೆ. ಎಲ್ಲವೂ ಹರಿವಿನಲ್ಲಿ ತೇಲಾಡತೊಡಗಿದಾಗ ಸೂಜಿಗೆ ಹೆಚ್ಚು ಕಣಗಳು ಸಿಗುತ್ತವೆ. ಲೆಕ್ಕದಲ್ಲಿ ಹೆಚ್ಚು, ಕೆಲಸದ ಜಾಗದಲ್ಲಿ ಕಡಿಮೆ. ಬಸ್ ನಿಲ್ದಾಣದಲ್ಲಿ ಇಳಿಯಬೇಕಾದ ಪೊಲೀಸರು ಬಸ್ಸಿನಲ್ಲೇ ಕುಳಿತು ಊರೆಲ್ಲ ಸುತ್ತಿದ ಹಾಗೆ. ಈ ಚೀಟಿಯನ್ನು ಕಂಡು ಸೋಂಕು ಬಂದಿದೆ ಎಂದು ಗಾಬರಿಯಾಗುವವರೂ ಇದ್ದಾರೆ, ಶಕ್ತಿ ಹೆಚ್ಚಿದೆ ಎಂದು ಸಂತೋಷಪಡುವವರೂ ಇದ್ದಾರೆ. ಚೀಟಿ ಒಂದರಿಂದಲೇ ಎರಡನ್ನೂ ಹೇಳಲಾಗದು.

ಬೇರೆ ಔಷಧಗಳು ಬೇರೆ ಬೇರೆ ಕಡೆ ಕೈ ಹಾಕುತ್ತವೆ. ಮೆಥೊಟ್ರೆಕ್ಸೇಟ್ ಎಂಬುದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ರೂಪಿಸಿದ ಔಷಧಗಳ ಕುಲಕ್ಕೆ ಸೇರಿದ್ದು. ಆ ಔಷಧಗಳು ಮೊದಲು ಬಳಕೆಯಾದದ್ದು ಮಕ್ಕಳ ರಕ್ತದ ಕ್ಯಾನ್ಸರಿಗೆ. ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಮೆಥೊಟ್ರೆಕ್ಸೇಟ್ ಅಡಿನೋಸಿನ್ ಎಂಬ ಶಾಂತಿಕಾರಕವನ್ನು ಕಣಗಳ ಸುತ್ತ ಹೆಚ್ಚಿಸುತ್ತದೆ. ಇಂದು ಸಂಧಿವಾತದ ಚಿಕಿತ್ಸೆಗೆ ಇದೇ ಆಧಾರಸ್ತಂಭ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಔಷಧಗಳು ಟಿ ಲಿಂಫೋಸೈಟ್ ಕೆರಳುವುದನ್ನೇ ತಡೆಯುತ್ತವೆ. ಇನ್ನು ಟಿ.ಎನ್.ಎಫ್. ಅಣುವನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು 1990ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಸಂಧಿವಾತದ ರೋಗಿಗಳ ಮೇಲೆ ಪ್ರಯೋಗಿಸಿ ಯಶಸ್ವಿಯಾದರು. ಅದರ ಹೆಸರು ಇನ್‌ಫ್ಲಿಕ್ಸಿಮ್ಯಾಬ್.

ಇಲ್ಲಿಂದ ಮತ್ತೆ ಮುಂದೋಳಿನ ಗಂಟಿನ ಕಡೆಗೆ ಬರೋಣ. ದೀರ್ಘಕಾಲದ ಉರಿಯೂತವೆಲ್ಲ ಕೆಟ್ಟದ್ದೇ ಎಂದು ಇಷ್ಟು ಹೊತ್ತಿಗೆ ನಿಮಗೆ ಅನ್ನಿಸಿರಬಹುದು. ಹಾಗಲ್ಲ.

ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೇಗೆ ಆಗುತ್ತದೆಂದು ಅಲ್ಲಿನ ವಿದ್ಯಾರ್ಥಿಗಳಿಗೆ ಹೇಳಬೇಕಿಲ್ಲ, ಬೇರೆ ಊರಿನವರಿಗಾಗಿ ಹೇಳುತ್ತೇನೆ. ಬಲಿತ ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ ಇಡುತ್ತಾರೆ. ಒಳಗಿನ ನೀರು ಆರುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಚಿಪ್ಪು ಗಟ್ಟಿಯಿರುವ ತನಕ ಒಳಗಿನದು ಒಳಗೇ. ಕ್ಷಯದ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಹೊಕ್ಕಾಗಲೂ ದೇಹ ಮಾಡುವುದು ಇಂಥದೇ ಕೆಲಸ. ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾವನ್ನು ನುಂಗುತ್ತದೆ, ಆದರೆ ಸುಲಭವಾಗಿ ಕೊಲ್ಲಲಾಗುವುದಿಲ್ಲ. ಆಗ ಇನ್ನಷ್ಟು ಮ್ಯಾಕ್ರೋಫೇಜ್‌ಗಳು ಸುತ್ತ ನೆರೆದು ಒತ್ತೊತ್ತಾಗಿ ಅಂಟಿಕೊಳ್ಳುತ್ತವೆ, ಕೆಲವು ಒಂದರೊಳಗೊಂದು ಬೆರೆತು ದೈತ್ಯ ಕಣಗಳಾಗುತ್ತವೆ, ಹೊರಸುತ್ತಿನಲ್ಲಿ ಟಿ ಲಿಂಫೋಸೈಟ್‌ಗಳು ಕಾವಲು ನಿಲ್ಲುತ್ತವೆ. ನಡುವಿನ ಭಾಗ ಎಷ್ಟೋ ವೇಳೆ ಸತ್ತು ಗಿಣ್ಣಿನಂತಾಗುತ್ತದೆ. ಈ ಪುಟ್ಟ ಗಡ್ಡೆಗೆ ಗ್ರಾನ್ಯುಲೋಮಾ ಎಂದು ಹೆಸರು. ಇದೂ ದೀರ್ಘಕಾಲದ ಉರಿಯೂತವೇ. ಆದರೆ ಇದು ಬೀಗ ಹಾಕಿ ಕಾಯುವ ಉರಿಯೂತ.

ತೆಂಗಿನ ಚಿಪ್ಪಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಚಿಪ್ಪು ಸತ್ತ ಗೋಡೆ, ಒಮ್ಮೆ ಆಯಿತೆಂದರೆ ಆಯಿತು. ಗ್ರಾನ್ಯುಲೋಮಾ ಜೀವಂತ ಗೋಡೆ. ಅಲ್ಲಿನ ಕಣಗಳು ಸಾಯುತ್ತವೆ, ಹೊಸವು ಬರುತ್ತವೆ, ಪಾಳಿ ಬದಲಾಗುತ್ತಲೇ ಇರುತ್ತದೆ. ಹೊಸಬರನ್ನು ಕರೆಯುವುದು, ಒಳಗಿನ ಮ್ಯಾಕ್ರೋಫೇಜ್‌ಗೆ ಶಕ್ತಿ ತುಂಬುವುದು ಯಾವುದು? ಅದೇ ಟಿ.ಎನ್.ಎಫ್. ಬೆರಳಿನ ಕೀಲಿನಲ್ಲಿ ಮೂಳೆಯನ್ನು ಕರಗಿಸುತ್ತಿರುವ ಅಣುವೇ ಶ್ವಾಸಕೋಶದಲ್ಲಿ ಬೀಗ ಕಾಯುತ್ತಿದೆ. ಮಾತ್ರೆಗೆ ಕೀಲು ಯಾವುದು, ಶ್ವಾಸಕೋಶ ಯಾವುದು ಎಂದು ತಿಳಿಯುವುದಿಲ್ಲ.

ಇದನ್ನು ಕಣ್ಣಾರೆ ಕಂಡವರಿದ್ದಾರೆ. ಬರೋಡಾದಲ್ಲಿ ಹುಟ್ಟಿ, ಈಗ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಲಲಿತಾ ರಾಮಕೃಷ್ಣನ್ ಅವರು ಜೀಬ್ರಾ ಮೀನಿನ ಮರಿಗಳಲ್ಲಿ ಕ್ಷಯದ ದಾಯಾದಿ ಬ್ಯಾಕ್ಟೀರಿಯಾವೊಂದನ್ನು ಬಿಟ್ಟು ನೋಡಿದರು. ಈ ಮೀನು ನಮ್ಮ ದೇಶದ ಹಳ್ಳಕೊಳ್ಳಗಳದ್ದೇ. ಮರಿ ಗಾಜಿನಷ್ಟು ಪಾರದರ್ಶಕ. ಆದ್ದರಿಂದ ಮ್ಯಾಕ್ರೋಫೇಜ್ ಓಡಿ ಬರುವುದನ್ನು, ನುಂಗುವುದನ್ನು, ಗಡ್ಡೆ ಕಟ್ಟುವುದನ್ನು ಬದುಕಿರುವ ಪ್ರಾಣಿಯಲ್ಲೇ ಚಿತ್ರೀಕರಿಸಬಹುದು. ಕ್ಯಾಮೆರಾದೊಂದಿಗೆ ಬದುಕುವ ನನ್ನಂಥವನಿಗೆ ಅಸೂಯೆ ಹುಟ್ಟಿಸುವ ದೃಶ್ಯಗಳು ಅವು! ಅವರ ತಂಡ ತೋರಿಸಿದ್ದು ಇಷ್ಟು: ಟಿ.ಎನ್.ಎಫ್. ಸಂದೇಶ ಇಲ್ಲದ ಮರಿಗಳಲ್ಲಿ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್‌ನೊಳಗೆ ಮಿತಿಮೀರಿ ಬೆಳೆದು, ಕಣ ಒಡೆದು, ಹೊರಗೆ ಚೆಲ್ಲುತ್ತದೆ. ವಿಚಿತ್ರವೆಂದರೆ ಟಿ.ಎನ್.ಎಫ್. ಅತಿಯಾದರೂ ಮ್ಯಾಕ್ರೋಫೇಜ್ ಸಾಯುತ್ತದೆ, ಬ್ಯಾಕ್ಟೀರಿಯಾ ಹೊರಬೀಳುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ, ಎರಡೂ ಕಡೆ ತಪ್ಪಬಹುದು. ಮಿದುಳಿನ ಪೊರೆಗೆ ಕ್ಷಯ ಬಂದಾಗ ಕ್ಷಯದ ಔಷಧಗಳ ಜೊತೆಗೆ ಡೆಕ್ಸಾಮೆಥಾಸೋನ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು 2004ರಲ್ಲಿ ವಿಯೆಟ್ನಾಂನಿಂದ ವರದಿ ಬಂದದ್ದನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಿ. ಅಲ್ಲಿ ಉರಿಯೂತವೇ ಅಪಾಯ, ಬ್ಯಾಕ್ಟೀರಿಯಾವನ್ನು ಕೊಲ್ಲಲು ಬೇರೆ ಔಷಧವೂ ಜೊತೆಗಿದೆ.

ಮನುಷ್ಯರಲ್ಲಿ ಇದರ ಪುರಾವೆ 2001ರಲ್ಲಿ ಸಿಕ್ಕಿತು. ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡ 70 ಮಂದಿಗೆ ಕ್ಷಯ ಕಾಣಿಸಿಕೊಂಡ ವರದಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಆರಂಭವಾದ ಸುಮಾರು 12 ವಾರಗಳಲ್ಲೇ ಬಹಳ ಜನರಿಗೆ ರೋಗ ತಲೆಯೆತ್ತಿತ್ತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಕ್ಷಯ ಶ್ವಾಸಕೋಶದಾಚೆಗೂ ಹರಡಿತ್ತು. ಬೀಗ ಒಡೆದಿತ್ತು, ಕಟ್ಟುವವರು ಬಂದಿರಲಿಲ್ಲ. ಸ್ಟೀರಾಯ್ಡ್ ಕೂಡ ಇದೇ ದಾರಿಯದು. ದಿನಕ್ಕೆ 15 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ಒಂದು ತಿಂಗಳಿಗೂ ಮೀರಿ ನಡೆದರೆ ಕ್ಷಯದ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬುದು ವೈದ್ಯರ ಸಾಮಾನ್ಯ ನಿಯಮ.

ಇದು ನಮಗೆ ದೂರದ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ವರ್ಷ ದಾಟಿದವರಲ್ಲಿ ಶೇಕಡ 31ರಷ್ಟು ಮಂದಿಗೆ ಕ್ಷಯದ ಸೋಂಕಿನ ಗುರುತು ಇದೆ. ಗುರುತು ಇದ್ದವರೆಲ್ಲ ರೋಗಿಗಳಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗಷ್ಟೇ ಜೀವಮಾನದಲ್ಲಿ ರೋಗ ಬರುತ್ತದೆ, ಅದೂ ಹೆಚ್ಚಾಗಿ ಸೋಂಕು ತಗುಲಿದ ಮೊದಲ ಎರಡು ವರ್ಷಗಳಲ್ಲಿ. ಉಳಿದವರಲ್ಲಿ ಎಷ್ಟೋ ಜನರ ಬ್ಯಾಕ್ಟೀರಿಯಾ ಅಳಿದೂ ಹೋಗಿರಬಹುದು. ಆದರೆ ಯಾರ ಎದೆಯಲ್ಲಿ ಅಳಿದಿದೆ, ಯಾರಲ್ಲಿ ಬೀಗದೊಳಗಿದೆ ಎಂದು ಹೊರಗಿನಿಂದ ಹೇಳಲಾಗದು. 1960ರಲ್ಲಿ ಹತ್ತು ವರ್ಷದ ಮಕ್ಕಳಾಗಿ ತುಮಕೂರು ಜಿಲ್ಲೆಯಲ್ಲಿ ಮುಂದೋಳು ಚಾಚಿದವರಿಗೆ ಈಗ ಎಪ್ಪತ್ತೈದರ ಆಸುಪಾಸು. ಮೈಕೈ ನೋವಿಗೆ ಮಾತ್ರೆ ಹುಡುಕುವ ವಯಸ್ಸು ಅದು.

ಕ್ಷಯವೊಂದೇ ಅಲ್ಲ. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿಯುವ ಕಡೆಗಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಪಾದದ ಚರ್ಮದ ಮೂಲಕ ಒಳಸೇರಿ, ಕರುಳಿನಲ್ಲೇ ಸಂತಾನ ಬೆಳೆಸಿಕೊಂಡು ದಶಕಗಳ ಕಾಲ ಸದ್ದಿಲ್ಲದೆ ಇರಬಲ್ಲುದು. ಸ್ಟೀರಾಯ್ಡ್ ಬಿದ್ದರೆ ಅದರ ಮರಿಗಳು ಮೈಯೆಲ್ಲ ಹರಡಿ ಪ್ರಾಣಕ್ಕೇ ಎರವಾಗಬಹುದು. ಇನ್ನು 2021ರ ಬೇಸಿಗೆಯನ್ನು ನೀವು ಮರೆತಿರಲಾರಿರಿ. ಕೋವಿಡ್‌ನಿಂದ ಏದುಸಿರು ಬಿಡುವವರಿಗೆ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತ್ತು, ಅದು ನಿಜವೇ ಆಗಿತ್ತು. ಆದರೆ ಬೇಡದವರಿಗೂ, ಬೇಕಾದ್ದಕ್ಕಿಂತ ಹೆಚ್ಚಿಗೂ ಕೊಟ್ಟ ಕಡೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಕಪ್ಪು ಶಿಲೀಂಧ್ರವೆಂದು ಕರೆಯಲಾದ ಮ್ಯೂಕರ್ ಸೋಂಕು ಮೂಗು, ಕಣ್ಣುಗಳನ್ನು ಕಬಳಿಸಿತು. ಕರ್ನಾಟಕವೂ ಅದನ್ನು ಕಂಡಿತು.

ಹಾಗಾದರೆ ಈ ಔಷಧಗಳನ್ನು ಮುಟ್ಟಲೇಬಾರದೆ? ನೀವು ಈ ತೀರ್ಮಾನಕ್ಕೆ ಬಂದರೆ ನನ್ನ ಲೇಖನ ಉಪಕಾರಕ್ಕಿಂತ ಹೆಚ್ಚು ಅಪಕಾರ ಮಾಡಿದಂತೆ. ಚಿಕಿತ್ಸೆಯಿಲ್ಲದ ಸಂಧಿವಾತ ಬೆರಳುಗಳನ್ನು ಶಾಶ್ವತವಾಗಿ ಸೊಟ್ಟ ಮಾಡುತ್ತದೆ, ಹೃದಯಕ್ಕೂ ಕೇಡು. ಮೂತ್ರಪಿಂಡ ಕಸಿಯಾದವರು ಮಾತ್ರೆ ಬಿಟ್ಟರೆ ಕಸಿಯನ್ನೇ ಕಳೆದುಕೊಳ್ಳುತ್ತಾರೆ. ಇನ್ನೊಂದು ಅಪಾಯವೂ ಇದೆ. ನಮ್ಮ ಅಡ್ರಿನಲ್ ಗ್ರಂಥಿ ದಿನವೂ ತಾನೇ ಒಂದಷ್ಟು ಕಾರ್ಟಿಸಾಲ್ ತಯಾರಿಸುತ್ತದೆ, ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮನಾಗಿ. ಹೊರಗಿನಿಂದ ವಾರಗಟ್ಟಲೆ ಮಾತ್ರೆ ಬಂದರೆ ಮಿದುಳು ಆ ಗ್ರಂಥಿಗೆ ಆದೇಶ ಕಳಿಸುವುದನ್ನು ನಿಲ್ಲಿಸುತ್ತದೆ, ಗ್ರಂಥಿ ಸೊರಗುತ್ತದೆ. ಆಗ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಮನುಷ್ಯ ಬೀಳಬಹುದು. ಅದಕ್ಕೇ ವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು.

ತೊಂದರೆ ಎಲ್ಲಿದೆಯೆಂದರೆ, ಚೀಟಿಯಿಲ್ಲದೆ ಕೊಂಡ ಮಾತ್ರೆಯಲ್ಲಿ, ಹೆಸರು ಹೇಳದೆ ಕೊಟ್ಟ ಪುಡಿಯಲ್ಲಿ. ಒಂದೇ ದಿನದಲ್ಲಿ ಹಸಿವು ಹೆಚ್ಚಿ, ನೋವು ಮಾಯವಾಗಿ, ಕೆಲವು ವಾರಗಳಲ್ಲಿ ಮುಖ ದುಂಡಗಾದರೆ ಅದರೊಳಗೆ ಸ್ಟೀರಾಯ್ಡ್ ಇರಬಹುದೆಂದು ವಿಜ್ಞಾನದ ವಿದ್ಯಾರ್ಥಿಗಳಾದ ನಿಮಗೆ ಹೊಳೆಯಬೇಕು. ಹೀಗೆ ಕೊಳ್ಳುವ ಹಳ್ಳಿಯವರನ್ನು ಅಜ್ಞಾನಿಗಳೆಂದು ಬೈಯುವುದು ನಮ್ಮಲ್ಲಿ ಕೆಲವರಿಗೆ ರೂಢಿ. ಇದೇ ತುಮಕೂರು ಜಿಲ್ಲೆಯ ಸಮೀಕ್ಷೆಯ ಬೆನ್ನಿಗೆ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು, ಕ್ಷಯವಿದ್ದ ಹಳ್ಳಿಗರನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅಂಥವರು ಓದಬೇಕು. ಹಳ್ಳಿಗರಿಗೆ ತಮ್ಮ ಕೆಮ್ಮಿನ ಅರಿವಿರುವುದಿಲ್ಲ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಬಹುಪಾಲು ಜನರಿಗೆ ಲಕ್ಷಣಗಳು ಗೊತ್ತಿದ್ದವು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಕೊರತೆಯಿದ್ದದ್ದು ಬಾಗಿಲ ಈಚೆಗಲ್ಲ, ಆಚೆಗೆ. ಇಂದಿಗೂ ಕೀಲುರೋಗದ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ಒಂದು ದಿನದ ಕೂಲಿ ಬಿಟ್ಟು ಅಷ್ಟು ದೂರ ಹೋಗುವುದಕ್ಕಿಂತ ಬಸ್ ನಿಲ್ದಾಣದ ಪಕ್ಕದ ಅಂಗಡಿ ಹತ್ತಿರ ಕಾಣುವುದು ಸಹಜ.

ಸರಿಯಾದ ಕ್ರಮ ಅಂಥ ಕಷ್ಟದ್ದೇನೂ ಅಲ್ಲ. ಪ್ರಬಲ ಔಷಧ ಆರಂಭಿಸುವ ಮೊದಲು ಎದೆಯ ಎಕ್ಸ್-ರೇ, ಮತ್ತು ಚರ್ಮದ ಪರೀಕ್ಷೆ ಅಥವಾ ಅದಕ್ಕೆ ಸಮನಾದ ರಕ್ತಪರೀಕ್ಷೆ. ಮೊದಲು ಎಂಬ ಮಾತು ಮುಖ್ಯ, ಏಕೆಂದರೆ ಆಮೇಲೆ ಮಾಡಿದರೆ ಗಂಟು ಏಳದಿರಬಹುದು ಎಂದು ಆಗಲೇ ನೋಡಿದೆವು. ಸೋಂಕಿನ ಗುರುತು ಕಂಡರೆ, ರೋಗ ಇಲ್ಲವೆಂದು ಖಚಿತಪಡಿಸಿಕೊಂಡು, ಕೆಲವು ತಿಂಗಳು ತಡೆಗಟ್ಟುವ ಔಷಧ ಕೊಡುತ್ತಾರೆ. ಕ್ಷಯದ ಪರೀಕ್ಷೆ, ಚಿಕಿತ್ಸೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಔಷಧ ನಡೆಯುವಾಗ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಹೇಳಬೇಕು. ಸ್ಟೀರಾಯ್ಡ್ ನಡುವೆ ಜ್ವರ ಜೋರಾಗಿ ಬರದೆಯೂ ಇರಬಹುದು, ಏಕೆಂದರೆ ಜ್ವರವನ್ನು ಎಬ್ಬಿಸುವುದೂ ಅದೇ ಕಣಗಳ ಕರೆಯೇ. ಮತ್ತೊಂದು ಸಣ್ಣ ವಿಷಯ, ಆದರೆ ಪ್ರಾಣದ ವಿಷಯ: ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ ಮಾತ್ರೆ. ದಿನವೂ ನುಂಗುವುದೆಂದು ತಿಳಿದು ತೆಗೆದುಕೊಂಡರೆ ಮೂಳೆಮಜ್ಜೆಯೇ ಬತ್ತಿಹೋಗುತ್ತದೆ. ಮನೆಯಲ್ಲಿ ಚೀಟಿ ಓದಬಲ್ಲವರು ನೀವೊಬ್ಬರೇ ಆಗಿದ್ದರೆ ಆ ವಾರದ ಹೆಸರನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದಿಡಿ.

ಕೊನೆಗೆ ಸಂಶೋಧಕರ ಮುಂದಿರುವ ಪ್ರಶ್ನೆ. ಎಲ್ಲ ಕಣಗಳ ಬಾಯಿ ಕಟ್ಟದೆ, ಕೀಲಿನ ಜಾತ್ರೆಯನ್ನು ಮಾತ್ರ ಚದುರಿಸುವುದು ಸಾಧ್ಯವೆ? 2020ರಲ್ಲಿ ಗ್ಲಾಸ್ಗೊ ಮತ್ತು ರೋಮ್‌ನ ವಿಜ್ಞಾನಿಗಳು, ಚಿಕಿತ್ಸೆಯಿಂದ ಸಂಧಿವಾತ ಪೂರ್ತಿ ಹತೋಟಿಗೆ ಬಂದವರ ಕೀಲಿನ ಪೊರೆಯಿಂದ ಒಂದು ಚೂರು ತೆಗೆದು, ಅದರೊಳಗಿನ ಮ್ಯಾಕ್ರೋಫೇಜ್‌ಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅಲ್ಲಿ ಒಂದು ಬಗೆಯ ಮ್ಯಾಕ್ರೋಫೇಜ್‌ಗಳು ಹೇರಳವಾಗಿದ್ದವು. ಸತ್ತ ಕಣಗಳನ್ನು ನುಂಗಿ, ಉರಿಯೂತ ಮುಗಿಸುವ ಸಂದೇಶ ಕೊಡುವಂಥವು ಅವು. ಅಂಥ ಕಣಗಳು ಕಡಿಮೆಯಿದ್ದವರಲ್ಲಿ, ಔಷಧ ನಿಲ್ಲಿಸಿದ ಮೇಲೆ ರೋಗ ಮತ್ತೆ ಕೆರಳುವುದು ಹೆಚ್ಚಾಗಿತ್ತು. ಆರೋಗ್ಯವಂತರ ಕೀಲಿನಲ್ಲೂ ಅವೇ ಕಣಗಳು ಕುಳಿತಿರುತ್ತವೆ. ಅವನ್ನು ಹೆಚ್ಚಿಸುವ ಮಾತ್ರೆ ಇನ್ನೂ ಬಂದಿಲ್ಲ, ಆದರೆ ಹುಡುಕಬೇಕಾದ ಕಣ ಯಾವುದೆಂದು ಈಗ ಗೊತ್ತಾಗಿದೆ.